ಕೈ ನಡುಗುತ್ತಿತ್ತು, ಆದರೂ ಓದಿದೆ

ಸೋದರಿಯರೇ, ‘ನಾಯಕಿ’ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ನನಗಂತೂ ಬಹಳ ಕಾಲ ಕೊರಳಿಗೆ ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, ಅಂಜದೆ ಅಳುಕದೆ ಮಾತಾಡುವ ಹೆಂಗಸೇ ಬರುತ್ತಿದ್ದಳು. ಅಂಥವರಿಗೆ ಹೆದರಿಕೆ ಅನ್ನುವುದೇ ಇರುವುದಿಲ್ಲ, ಅದೇನಿದ್ದರೂ ಒಲೆಯ ಮುಂದೆ ಕೂತ ನಮ್ಮಂಥವರಿಗೆ ಎಂದುಕೊಂಡಿದ್ದೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು. ಪರೀಕ್ಷೆಯ ಹಾಲಿನಲ್ಲಿ ಬೆವರಿದ್ದು ಬಿಟ್ಟರೆ ಹೊರಗಿನ ಜನರ ಮುಂದೆ ನಿಂತದ್ದೇ ಇಲ್ಲ. ಮದುವೆಯ ದಿನ ಗಂಡನ ಹೆಸರು ಒಗಟು ಕಟ್ಟಿ ಹೇಳು ಅಂದಾಗಲೂ ನನ್ನ ಬಾಯಿ ಒಣಗಿ ಹೋಗಿತ್ತು. ಈಗಲೂ ನಮ್ಮ ನಾದಿನಿ ಅದನ್ನು ಆಡಿಕೊಂಡು ನಗುತ್ತಾಳೆ.

ಆದರೆ ಮೂರು ವರ್ಷದ ಹಿಂದೆ ನನ್ನ ತಲೆಯ ಮೇಲೂ ಒಂದು ಜವಾಬ್ದಾರಿ ಬಂದು ಬಿತ್ತು. ಅದು ಎಷ್ಟು ದೊಡ್ಡದು ಅಂತೀರಿ? ಹದಿನೇಳು ಜನ ಹೆಂಗಸರ ಒಂದು ಸ್ವಸಹಾಯ ಸಂಘ. ಗುರುವಾರ ಸಂಜೆ ದೇವಸ್ಥಾನದ ಜಗಲಿಯ ಮೇಲೆ ಸಭೆ. ತಲೆಗೆ ಐವತ್ತು ರೂಪಾಯಿ ವಾರದ ಉಳಿತಾಯ. ‘ನಿನ್ನ ಅಕ್ಷರ ದುಂಡಗಿದೆ, ನೀನೇ ಅಧ್ಯಕ್ಷೆ ಆಗು’ ಎಂದು ಎಲ್ಲರೂ ಸೇರಿ ಕೂರಿಸಿದರು. ದುಂಡಗಿನ ಅಕ್ಷರಕ್ಕೂ ಗಟ್ಟಿ ಎದೆಗೂ ಏನು ಸಂಬಂಧ ಎಂದು ಆವತ್ತು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ, ಆ ದಿನಗಳಲ್ಲಿ ನನಗೆ ಜೊತೆಯಾದ ಕೆಲವು ಹಿರಿಯರ ಸಂಗತಿ ಹೇಳಬೇಕು. ನಮ್ಮೂರ ಗ್ರಂಥಾಲಯದಿಂದ ಮಗಳು ತಂದುಕೊಟ್ಟ ಪುಸ್ತಕಗಳಲ್ಲಿ ಇವರೆಲ್ಲ ನನಗೆ ಸಿಕ್ಕಿದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಅಕ್ಕಿ ಆರಿಸುತ್ತಾ ಆರಿಸುತ್ತಾ ಓದಿದ್ದು.

ಸಾವಿತ್ರಿಬಾಯಿ ಫುಲೆಯವರ ಸೀರೆಯ ಕಥೆ ನೀವು ಕೇಳಿರಬಹುದು. 1848ರಲ್ಲಿ ಪುಣೆಯಲ್ಲಿ ಗಂಡ ಜ್ಯೋತಿಬಾ ಅವರ ಜೊತೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅವರಿಗೆ ಇನ್ನೂ ಹದಿನೇಳು ವರ್ಷ. ನಮ್ಮ ಮನೆಯಲ್ಲಿ ಆ ವಯಸ್ಸಿನ ಹುಡುಗಿ ಒಬ್ಬಳೇ ಅಂಗಡಿಗೆ ಹೋದರೆ ನಾನು ಬಾಗಿಲಲ್ಲಿ ನಿಂತು ದಾರಿ ನೋಡುತ್ತೇನೆ. ಸಾವಿತ್ರಿಬಾಯಿ ಪಾಠ ಹೇಳಲು ಬೀದಿಯಲ್ಲಿ ನಡೆದು ಹೋದರೆ ಜನ ಸಗಣಿ ಎಸೆಯುತ್ತಿದ್ದರಂತೆ, ಕೆಸರು ಎರಚುತ್ತಿದ್ದರಂತೆ. ಅದಕ್ಕೆ ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಬದಲಾಯಿಸಿ, ಪಾಠ ಮಾಡಿ, ಮತ್ತೆ ಕೊಳೆ ಸೀರೆ ಉಟ್ಟು ಮನೆಗೆ ಬರುತ್ತಿದ್ದರು ಎಂದು ಹೇಳುತ್ತಾರೆ.

ಎಲ್ಲರೂ ಇದನ್ನು ಧೈರ್ಯದ ಕಥೆ ಎಂದು ಹೇಳಿ ಮುಗಿಸುತ್ತಾರೆ. ನನಗೆ ಮಾತ್ರ ಆ ಎರಡನೇ ಸೀರೆಯೇ ಕಣ್ಣಿಗೆ ಕಟ್ಟಿತು. ಅಂದರೆ ಏನು? ಬೆಳಿಗ್ಗೆ ಮನೆಯಲ್ಲಿ ಸೀರೆ ಮಡಚಿ ಚೀಲಕ್ಕೆ ಹಾಕುವಾಗಲೇ ‘ಇವತ್ತೂ ಎಸೆಯುತ್ತಾರೆ’ ಎಂದು ಆಕೆಗೆ ಗೊತ್ತಿತ್ತು. ಎಸೆಯಲಾರರು ಎಂಬ ನಂಬಿಕೆಯಿಂದ ಹೊರಟವರಲ್ಲ. ಎಸೆಯುತ್ತಾರೆ ಎಂದು ಲೆಕ್ಕ ಹಾಕಿಕೊಂಡೇ ಹೊರಟವರು. ಮಳೆ ಬರುತ್ತದೆ ಎಂದು ಕೊಡೆ ಹಿಡಿದು ಹೊರಡುತ್ತೇವಲ್ಲ, ಹಾಗೆ. ಮುಂದೆ 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ರೋಗಿಗಳ ಸೇವೆಗೆ ನಿಂತು, ಅದೇ ರೋಗ ಅಂಟಿ ತೀರಿಕೊಂಡರು. ಪ್ಲೇಗು ಅಂದರೆ ಹೆತ್ತವರೇ ಮಕ್ಕಳನ್ನು ಮುಟ್ಟಲು ಹೆದರುತ್ತಿದ್ದ ಕಾಲ ಅದು.

ಇನ್ನು ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರ ಸಂಗತಿಗೆ ಬರುತ್ತೇನೆ. ಹೆಸರು ಕೇಳಿ ಬಂಗಾಳದವರು ಎಂದುಕೊಳ್ಳಬೇಡಿ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. 1903ರಲ್ಲಿ ಮಂಗಳೂರಿನಲ್ಲಿ ಸಾರಸ್ವತರ ಮನೆಯಲ್ಲಿ ಹುಟ್ಟಿದವರು, ಧಾರೇಶ್ವರ ಮನೆತನ. ಏಳು ವರ್ಷದ ಮಗುವಿರುವಾಗ ತಂದೆ ಹೋದರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮಲಸೋದರನ ಪಾಲಾಯಿತು, ತಾಯಿ ಮಗಳ ಕೈ ಬರಿದು. ಹದಿನಾಲ್ಕಕ್ಕೆ ಮದುವೆ. ಎರಡೇ ವರ್ಷಕ್ಕೆ, 1919ರಲ್ಲಿ, ಗಂಡ ತೀರಿಕೊಂಡ. ಆ ಕಾಲದಲ್ಲಿ ಹದಿನಾರರ ವಿಧವೆಯ ಗತಿ ಏನು ಎಂಬುದನ್ನು ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದೇವಲ್ಲ! ಆದರೆ ಕಮಲಾದೇವಿ ಮದರಾಸಿಗೆ ಓದಲು ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಗೆ ಮರುಮದುವೆ, ಅದೂ ಬೇರೆ ಜಾತಿ, ಬೇರೆ ಭಾಷೆ. ಜನ ಏನೇನು ಅಂದಿರಬಹುದು, ನೀವೇ ಊಹಿಸಿ.

1926ರಲ್ಲಿ ಮದರಾಸು ಶಾಸನ ಪರಿಷತ್ತಿನ ಚುನಾವಣೆಗೆ ನಿಂತರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ ಅವರೇ. ಗೆಲ್ಲಲಿಲ್ಲ! ಕೆಲವೇ ಮತಗಳಲ್ಲಿ ಸೋತರು. ಸೋತದ್ದನ್ನೂ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮಲ್ಲಿ ಅನೇಕರಿಗೆ ಸೋತರೆ ನಾಲ್ಕು ಜನ ನಗುತ್ತಾರಲ್ಲ ಎಂಬುದೇ ದೊಡ್ಡ ಭಯ. ಅವರು ಸೋತ ಮರುವರ್ಷವೇ, 1927ರಲ್ಲಿ, ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ತಿರುಗಿದರು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಉಪ್ಪಿನ ಸತ್ಯಾಗ್ರಹದ ಭಾಗ. ಉಪ್ಪು ನಮ್ಮ ಅಡಿಗೆಮನೆಯ ವಸ್ತು ನೋಡಿ, ಅದಕ್ಕೇ ಇರಬೇಕು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆಯಲು ಹೊರಟರಲ್ಲ, ಆ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರನ್ನು ಮುಂದಿಟ್ಟುಕೊಂಡು ಗಂಡಸರು ಹಿಂದೆ ಅವಿತರು ಎಂದು ಇಂಗ್ಲಿಷರು ಹೇಳಬಾರದು ಎಂಬುದು ಗಾಂಧೀಜಿಯ ಯೋಚನೆ. ಹೆಂಗಸರಿಗೆ ಖಾದಿ ನೂಲುವ ಕೆಲಸ, ಹೆಂಡದಂಗಡಿಯ ಮುಂದೆ ನಿಲ್ಲುವ ಕೆಲಸ ಇದೆಯಲ್ಲ ಎಂದರು. ದೇಶಕ್ಕೆ ದೇಶವೇ ಅವರ ಮಾತಿಗೆ ತಲೆ ಬಾಗಿಸುತ್ತಿದ್ದ ಕಾಲ. ಇಪ್ಪತ್ತೇಳು ವರ್ಷದ ಕಮಲಾದೇವಿ ಅವರನ್ನು ದಾರಿಯಲ್ಲೇ ಕಂಡು, ಹೆಂಗಸರನ್ನೂ ಈ ಹೋರಾಟಕ್ಕೆ ಕರೆಯಬೇಕು ಎಂದು ವಾದಿಸಿ ಒಪ್ಪಿಸಿದರು.

ಸರ್ಕಾರದ ಎದುರು ನಿಲ್ಲುವುದು ಒಂದು ಬಗೆ. ಅಲ್ಲಿ ಎದುರಿಗಿರುವವನು ಶತ್ರು, ಬೈದರೆ ಬೈಯಲಿ. ಆದರೆ ನಾವು ದೇವರಂತೆ ಕಾಣುವ ಹಿರಿಯರ ಎದುರು ‘ನೀವು ಹೇಳುವುದು ಸರಿಯಿಲ್ಲ’ ಎನ್ನುವುದಿದೆಯಲ್ಲ, ಅದು ಬಲು ಕಷ್ಟ. ಮಾವನ ಮುಂದೆ, ಅಣ್ಣನ ಮುಂದೆ, ಗುರುಗಳ ಮುಂದೆ ನಾವು ಎಷ್ಟು ಸಲ ನಾಲಗೆ ಕಚ್ಚಿಕೊಂಡಿಲ್ಲ! ಪೊಲೀಸರ ಲಾಠಿಗಿಂತ ಹೆಚ್ಚು ಹೆಂಗಸರನ್ನು ಸುಮ್ಮನಿರಿಸಿದ್ದು ಈ ಗೌರವವೇ ಎಂದು ನನಗೆ ಅನ್ನಿಸುತ್ತದೆ.

ಬೊಂಬಾಯಿಯಲ್ಲಿ ಉಪ್ಪಿನ ಕಾಯಿದೆ ಮುರಿಯಲು ಆರಿಸಿದ ಏಳು ಜನರ ತಂಡದಲ್ಲಿ ಇಬ್ಬರು ಹೆಂಗಸರು, ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ. ಸಮುದ್ರದ ನೀರು ತಂದು, ಒಲೆ ಹೂಡಿ, ಬಾಣಲೆಯಲ್ಲಿ ಕಾಯಿಸಿ ಉಪ್ಪು ಮಾಡುವುದು. ನೋಡಿ, ಗಂಡಸರಿಗೆ ಅದು ಚಳವಳಿ, ಹೆಂಗಸರಿಗೆ ದಿನದ ಕೆಲಸ! ಸಾವಿರಾರು ಹೆಂಗಸರು ಹಿತ್ತಾಳೆ, ತಾಮ್ರದ ಕೊಡ ಹಿಡಿದು ಕಡಲ ದಂಡೆಗೆ ಬಂದರು. ಕಮಲಾದೇವಿ ಆ ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಯ ಒಳಗೂ ನುಗ್ಗಿ ಮಾರಿದರು. ಹೈಕೋರ್ಟಿನ ಬಳಿ ಹೋಗಿ ಅಲ್ಲಿದ್ದ ಮ್ಯಾಜಿಸ್ಟ್ರೇಟರನ್ನೇ, ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಕೇಳಿದರು ಎಂದು ಹೇಳುತ್ತಾರೆ. ಸೆರೆಮನೆಗೆ ಹೋದರು. ಮನೆಯಲ್ಲಿ ಆಗ ಚಿಕ್ಕ ಮಗ. ಅದೇ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಮೇ ತಿಂಗಳಲ್ಲಿ ಧಾರಾಸನದ ಉಪ್ಪಿನ ಕೋಠಿಯ ಮೇಲಿನ ಸತ್ಯಾಗ್ರಹಕ್ಕೆ ಮುಂದಾಳಾದವರೇ ಸರೋಜಿನಿ ನಾಯ್ಡು. ಎರಡು ತಿಂಗಳ ಹಿಂದೆ ಹೆಂಗಸರು ಬೇಡ ಅಂದಿದ್ದ ಹೋರಾಟ ಅದು!

ಅವರ ಮುಂದಿನ ಬದುಕು ದೊಡ್ಡದು. ದೇಶ ಇಬ್ಭಾಗವಾದಾಗ ಬಂದ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ದುಡಿದರು, ಅಖಿಲ ಭಾರತ ಕರಕುಶಲ ಮಂಡಳಿ ಕಟ್ಟಿದರು. ನಮ್ಮ ಮನೆಗಳಲ್ಲಿ ಇವತ್ತು ಕೈಮಗ್ಗದ ಸೀರೆಗೆ, ಚನ್ನಪಟ್ಟಣದ ಬೊಂಬೆಗೆ ಒಂದು ಮರ್ಯಾದೆ ಇದ್ದರೆ ಅದರಲ್ಲಿ ಅವರ ಪಾಲೂ ಇದೆ. 1988ರಲ್ಲಿ ತೀರಿಕೊಂಡರು. 1931ರಲ್ಲಿ ಬಂದ ‘ಮೃಚ್ಛಕಟಿಕ’ ಎಂಬ ಮೂಕಿ ಚಿತ್ರದಲ್ಲಿ ಪಾತ್ರ ಮಾಡಿದ್ದರು ಎಂಬುದನ್ನು ಓದಿ ನನಗೆ ಇನ್ನಷ್ಟು ಖುಷಿಯಾಯಿತು. ಸಿನಿಮಾ ಅಂದರೆ ಮಾನವಂತರ ಮನೆಯ ಹೆಣ್ಣುಮಕ್ಕಳು ಮೂಗು ಮುರಿಯುತ್ತಿದ್ದ ಕಾಲದಲ್ಲಿ!

ಉಮಾಬಾಯಿ ಕುಂದಾಪುರ ಅವರ ಹೆಸರು ಇಷ್ಟು ಮೆರೆಯಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೊಂಬಾಯಿಯ ಸೊಸೆಯಾಗಿ, ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದವರು. ಬೆನ್ನಿಗೆ ನಿಂತವರು ಯಾರು ಗೊತ್ತೇ? ಮಾವ ಆನಂದರಾಯರು. ಸೊಸೆಯನ್ನು ಓದಿಸಿದ ಮಾವ! ಹುಬ್ಬಳ್ಳಿಯಲ್ಲಿ ಮಾವನ ಛಾಪಖಾನೆ, ಸೊಸೆಯ ಹೆಣ್ಣುಮಕ್ಕಳ ಶಾಲೆ. ಡಾಕ್ಟರ್ ಹರ್ಡೀಕರರ ಸೇವಾದಳದಲ್ಲಿ ಹೆಂಗಸರ ವಿಭಾಗ ಉಮಾಬಾಯಿಯವರದು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು, ಉಮಾಬಾಯಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿ ತಂದರು. ಮನೆಮನೆಗೆ ಹೋಗಿ, ಬಾಗಿಲ ಸಂದಿಯಿಂದ ಆಚೆ ನೋಡದ ವಿಧವೆಯರನ್ನೂ ಕರೆತಂದರು. ತಾನೊಬ್ಬಳು ಹೊರಬರುವುದು ಸುಲಭ. ಇನ್ನೊಬ್ಬರ ಮನೆಯ ಹೊಸಿಲಲ್ಲಿ ನಿಂತು, ಅತ್ತೆಯ ಕೆಂಗಣ್ಣಿನ ಎದುರು, ‘ನಿಮ್ಮ ಸೊಸೆಯನ್ನು ಕಳಿಸಿಕೊಡಿ’ ಎನ್ನುವುದು ಸುಲಭವೇ?

1932ರಲ್ಲಿ ನಾಲ್ಕು ತಿಂಗಳು ಯರವಡಾ ಜೈಲು. ಒಳಗಿರುವಾಗಲೇ ಮಾವ ತೀರಿಕೊಂಡ ಸುದ್ದಿ. ಹೊರಗೆ ಬಂದು ನೋಡಿದರೆ ಛಾಪಖಾನೆ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. ನಂಬಿದ್ದನ್ನು ಮಾಡಿದ್ದಕ್ಕೆ ತೆತ್ತ ಬೆಲೆ ಇದು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರವನ್ನಾಗಲಿ, ಪಿಂಚಣಿಯನ್ನಾಗಲಿ ಮುಟ್ಟಲಿಲ್ಲ. 1992ರಲ್ಲಿ ಹುಬ್ಬಳ್ಳಿಯಲ್ಲಿ, ನೂರರ ಅಂಚಿನಲ್ಲಿ, ಕಣ್ಣು ಮುಚ್ಚಿದರು.

‘ಅವರೆಲ್ಲ ಮಹಾನುಭಾವರು, ನಮ್ಮ ಮಾತು ಹೇಳಮ್ಮ’ ಅನ್ನುತ್ತೀರಿ ಅಲ್ಲವೇ? ನಮ್ಮ ಕಾಲವೂ ಸುಮ್ಮನೆ ಬಿಟ್ಟಿಲ್ಲ ನಮ್ಮನ್ನು. ಕರ್ನಾಟಕದಲ್ಲಿ 1983ರ ಕಾಯಿದೆಯಲ್ಲಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿದರು. ಇಡೀ ದೇಶಕ್ಕೆ ಮೂರನೇ ಒಂದು ಪಾಲಿನ ಮೀಸಲಾತಿ ಬಂದದ್ದು 1993ರಲ್ಲಿ, ನಮಗಿಂತ ತಡವಾಗಿ. 2010ರಲ್ಲಿ ನಮ್ಮಲ್ಲಿ ಅದು ಅರ್ಧಕ್ಕೆ ಏರಿತು. ಕುರ್ಚಿ ಸಿಕ್ಕಿತು. ಆದರೆ ಎಷ್ಟು ಊರುಗಳಲ್ಲಿ ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುತ್ತಾನೆ, ಹೆಂಡತಿ ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಸಹಿ ಹಾಕುತ್ತಾಳೆ, ನೀವೂ ಕಂಡಿದ್ದೀರಿ. ನನ್ನ ತವರೂರಿನಲ್ಲಿ ಒಬ್ಬ ಸದಸ್ಯೆ ಒಂದು ಸಭೆಯಲ್ಲಿ ‘ಓದಿ ಹೇಳಿ, ಆಮೇಲೆ ಸಹಿ’ ಎಂದಳಂತೆ. ಅಷ್ಟೇ ಮಾತು. ಸಭೆಯೆಲ್ಲ ಸ್ತಬ್ಧ. ಆ ಮಾತನ್ನು ಮನೆಯಿಂದ ಪಂಚಾಯಿತಿಯವರೆಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ ಎಂದು ಆಮೇಲೆ ನನ್ನ ತಾಯಿಯ ಹತ್ತಿರ ಹೇಳಿಕೊಂಡು ನಕ್ಕಳಂತೆ.

ಇನ್ನು ನನ್ನ ಕಥೆ. ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ.

ನಮ್ಮ ಸಂಘದ ಲೆಕ್ಕ, ಪೆಟ್ಟಿಗೆ, ಬೀಗದ ಕೈ ಇದ್ದದ್ದು ನನ್ನ ಓರಗಿತ್ತಿಯ ಹತ್ತಿರ. ನಮ್ಮ ಭಾವನವರ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಿಲಲ್ಲಿ ಒಂದೇ ಬಾವಿ. ನಾನು ಮದುವೆಯಾಗಿ ಬಂದಾಗ ಸಾರಿಗೆ ಎಷ್ಟು ಹುಣಸೆ ಹಿಂಡಬೇಕು ಎಂದು ಹೇಳಿಕೊಟ್ಟವಳು ಅವಳೇ. ನನ್ನ ಎರಡೂ ಬಾಣಂತನದಲ್ಲಿ ನೀರು ಹಾಕಿದವಳು. ‘ಅಕ್ಕ’ ಎಂದೇ ಕರೆಯುವುದು.

ಆ ವರ್ಷ ಶಿವರಾತ್ರಿಗೆ ಹತ್ತು ದಿನ ಇರುವಾಗ ನಮ್ಮ ಸಂಘದ ಹೂವಾಡಗಿತ್ತಿ ತನ್ನ ಕೈಪುಸ್ತಕ ತಂದು, ‘ಅಮ್ಮಾ, ಇನ್ನೆಷ್ಟು ಕಂತು ಐತೆ ಓದಿ ಹೇಳ್ರಿ’ ಎಂದಳು. ಅವಳಿಗೆ ಓದಲು ಬಾರದು. ಕೈಪುಸ್ತಕದಲ್ಲಿ ಆರುನೂರರಂತೆ ಮೂರು ಕಂತು ಕಟ್ಟಿದ್ದು, ಅಕ್ಕನ ಸಹಿ, ಎಲ್ಲ ಇತ್ತು. ಸಂಘದ ಲೆಡ್ಜರು ತೆಗೆದರೆ ಆ ಮೂರೂ ಕಂತು ಇಲ್ಲ! ಬರೆಯಲು ಮರೆತಿರಬೇಕು ಎಂದುಕೊಂಡೆ. ಮನಸ್ಸು ತಡೆಯದೆ ಇನ್ನೂ ಕೆಲವರ ಕೈಪುಸ್ತಕ ಕೇಳಿ ತರಿಸಿದೆ. ಒಟ್ಟು ನಾಲ್ಕು ಜನರದು ಹೀಗೇ. ನಾಲ್ವರೂ ಓದು ಬಾರದವರು. ಕೂಡಿಸಿದರೆ ಒಂಬತ್ತು ಸಾವಿರದ ಇನ್ನೂರು ರೂಪಾಯಿ.

ರಾತ್ರಿ ಹಿತ್ತಿಲಲ್ಲಿ ಅಕ್ಕನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಮಗಳ ನರ್ಸಿಂಗ್ ಕಾಲೇಜಿಗೆ ಫೀಜು ಕಟ್ಟಬೇಕಿತ್ತಂತೆ, ಭಾವನವರ ಕೈಯಲ್ಲಿ ಕಾಸಿರಲಿಲ್ಲವಂತೆ. ‘ಮುಂದಿನ ವಾರ ಇಟ್ಟುಬಿಡ್ತೀನಿ ಕಣೆ, ಯಾರ್ಗೂ ಹೇಳ್ಬೇಡ’ ಎಂದಳು. ಆ ಮಗು ನನ್ನ ಮಡಿಲಲ್ಲಿ ಬೆಳೆದದ್ದು. ಹೂಂ ಅಂದೆ.

ಮುಂದಿನ ವಾರ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಸಭೆಯಲ್ಲಿ ಲೆಕ್ಕ ಓದುವಾಗ ನಾನು ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದೆ. ‘ಲೆಕ್ಕ ಸರಿಯಿದೆ’ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದೇನೆ. ಒಂದಲ್ಲ, ಐದು ಗುರುವಾರ. ಈಗಲೂ ಆ ಪುಟಗಳು ಅಲ್ಲೇ ಇವೆ.

ಯುಗಾದಿಯ ಹಿಂದಿನ ಗುರುವಾರ ಹೂವಾಡಗಿತ್ತಿ ಐದು ಸಾವಿರ ಸಾಲ ಕೇಳಿದಳು. ಹಬ್ಬಕ್ಕೆ ಹೂವು ತರಲು ಬಂಡವಾಳ. ವರ್ಷದಲ್ಲಿ ಅವಳ ಕೈಗೆ ನಾಲ್ಕು ಕಾಸು ಹತ್ತುವುದೇ ಅಂಥ ಹಬ್ಬಗಳಲ್ಲಿ. ಅಕ್ಕ ಲೆಡ್ಜರು ತಿರುವಿ, ‘ಮೂರು ಕಂತು ಬಾಕಿ ಐತೆ, ನಿಯಮದ ಪ್ರಕಾರ ಹೊಸ ಸಾಲ ಇಲ್ಲ’ ಎಂದುಬಿಟ್ಟಳು. ಹೂವಾಡಗಿತ್ತಿ ಜಗಳಾಡಲಿಲ್ಲ. ನನ್ನ ಮುಖ ನೋಡಿದಳು. ಅವಳ ಕೈಪುಸ್ತಕ ನಾನೇ ಓದಿದ್ದೆನಲ್ಲ! ಅಮ್ಮ ಈಗ ಹೇಳುತ್ತಾರೆ ಎಂದು ನೋಡಿದಳು. ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಾ ಕೂತೆ.

ಆ ಯುಗಾದಿಗೆ ಮಾಡಿದ ಒಬ್ಬಟ್ಟು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಬೇವು ಬೆಲ್ಲದಲ್ಲಿ ಬೇವಷ್ಟೇ ನಾಲಗೆಗೆ ಹತ್ತಿತು.

ಹಬ್ಬದ ಮರುದಿನ ಮತ್ತೆ ಅಕ್ಕನ ಹತ್ತಿರ ಹೋದೆ. ‘ಈ ಗುರುವಾರ ನೀನೇ ಹೇಳಿಬಿಡಕ್ಕಾ, ಕಂತಿನ ಮೇಲೆ ಕಟ್ಟಿದ್ರಾಯ್ತು, ನಾನೂ ಜೊತೆಗಿರ್ತೀನಿ’ ಎಂದೆ. ಅವಳಿಗೆ ಸಿಟ್ಟು ಬಂತು. ‘ಹೇಳಿ ನೋಡು. ನೀನೂ ಪಾಲು ತಿಂದಿದ್ದೀಯ ಅಂತೀನಿ. ಸಹಿ ನಿಂದೇ ಅಲ್ವಾ?’ ಎಂದಳು. ಹೌದು, ಸಹಿ ನನ್ನದೇ. ಅತ್ತೆಗೆ ಹೇಗೋ ಗೊತ್ತಾಗಿ, ‘ಮನೆ ಮಾತು ಬೀದಿಗೆ ತರ್ಬೇಡ ಕಣಮ್ಮ’ ಎಂದು ಕಣ್ಣೀರು ಹಾಕಿದರು. ನಮ್ಮ ಯಜಮಾನರು ಒಳ್ಳೆಯವರೇ. ‘ನಿಂಗೆ ಸರಿ ಅನ್ಸಿದ್ದು ಮಾಡು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ನಾಳೆ ಅಣ್ಣನ ಮುಖ ನಾನು ನೋಡ್ಬೇಕಲ್ಲ’ ಎಂದೂ ಅಂದರು. ಅವರ ಮಾತಿನಲ್ಲಿ ಮೊದಲನೆಯದನ್ನು ಹಿಡಿಯಲೋ ಎರಡನೆಯದನ್ನೋ ತಿಳಿಯದೆ ರಾತ್ರಿಯೆಲ್ಲ ಮಗ್ಗಲು ಬದಲಾಯಿಸಿದೆ.

ಸೋದರಿಯರೇ, ಹೆದರಿಕೆ ಹೋಗಲಿ, ಆಮೇಲೆ ಹೇಳೋಣ ಎಂದು ಕಾದರೆ ಅದು ಹೋಗುವುದೇ ಇಲ್ಲ. ಆರು ವಾರ ಕಾದವಳು ನಾನು. ಕಾದಷ್ಟೂ ಹುಳಿ ಹೆಚ್ಚಾಗುವ ದೋಸೆ ಹಿಟ್ಟಿನ ಹಾಗೆ ಅದು ಪಾತ್ರೆ ಮೀರಿ ಉಕ್ಕುತ್ತದೆ. ಅದಕ್ಕೆ, ಹೆದರಿಕೆ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು, ಸಾವಿತ್ರಿಬಾಯಿಯವರ ಎರಡನೇ ಸೀರೆಯಂತೆ ನಾನೂ ಸ್ವಲ್ಪ ಸಿದ್ಧತೆ ಮಾಡಿಕೊಂಡೆ. ಬಾಯಿಮಾತು ಕೈಕೊಡುತ್ತದೆ ಎಂದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ಯಾರನ್ನೂ ಕಳ್ಳಿ ಎನ್ನಬಾರದು, ತಾರೀಕು ಮತ್ತು ಮೊತ್ತ ಮಾತ್ರ ಎಂದು ನಿಶ್ಚಯಿಸಿದೆ. ನಾಲ್ಕು ಕೈಪುಸ್ತಕಗಳನ್ನೂ ಜೊತೆಗಿಟ್ಟುಕೊಂಡೆ. ಅಂಗನವಾಡಿ ಟೀಚರಿಗೆ ಮುಂಚೆಯೇ ಹೇಳಿ, ಸಭೆಯಲ್ಲಿ ನನ್ನ ಎದುರಿಗೇ ಕೂರಬೇಕೆಂದು ಕೇಳಿಕೊಂಡೆ. ಇಡೀ ಸಭೆ ನೋಡುವ ಎದೆ ನನಗಿಲ್ಲ, ಒಂದು ಮುಖವಾದರೂ ನೋಡಬಹುದಲ್ಲ! ನಿಮಗೂ ಇಂಥ ಪ್ರಸಂಗ ಬಂದರೆ ಈ ಉಪಾಯ ಮಾಡಿ ನೋಡಿ. ಇನ್ನೊಂದು ಮಾತು, ಅಂಥ ದಿನ ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಬೇಡಿ. ಮಜ್ಜಿಗೆ ಅನ್ನ ಸಾಕು. ನಾನು ಹುಳಿಯನ್ನ ತಿಂದು ಹೋಗಿ ಪಟ್ಟ ಪಾಡು ಬೇಡ.

ಗುರುವಾರ ಹದಿನೇಳೂ ಜನ ಬಂದಿದ್ದರು. ಹಾಳೆ ಹಿಡಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಅಕ್ಷರ ಒಂದರ ಮೇಲೊಂದು ಹತ್ತುತ್ತಿದ್ದವು. ಲೆಡ್ಜರನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಹಾಳೆ ಇಟ್ಟು ಓದಿದೆ. ಮೊದಲು ಬರೆದಿದ್ದದ್ದು ನನ್ನ ತಪ್ಪು. ‘ಲೆಕ್ಕ ಸರಿಯಿಲ್ಲ ಎಂದು ಗೊತ್ತಿದ್ದೂ ನಾನು ಐದು ವಾರ ಸರಿಯಿದೆ ಎಂದು ಸಹಿ ಹಾಕಿದ್ದೇನೆ. ನಾನು ಸುಮ್ಮನಿದ್ದುದರಿಂದ ಒಬ್ಬಾಕೆಗೆ ಹಬ್ಬದ ಸಾಲ ತಪ್ಪಿತು.’ ಅದನ್ನು ಓದುವಾಗ ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ದನಿ ಮಾತ್ರ ಯಾರದೋ ದನಿಯ ಹಾಗೆ ಕೇಳಿಸಿತು. ಆಮೇಲೆ ನಾಲ್ಕು ಜನರ ತಾರೀಕು, ಮೊತ್ತ.

ಗದ್ದಲ ಎದ್ದಿತು. ಒಬ್ಬಳು ‘ಓರಗಿತ್ತೀರ ಜಗಳ ಸಂಘಕ್ಕೆ ತಂದವ್ಳೆ’ ಎಂದಳು. ಇಬ್ಬರು ಎದ್ದು ಹೋದರು. ಅಕ್ಕ ಬೀಗದ ಕೈಯನ್ನು ನನ್ನ ಮುಂದೆ ಎಸೆದಳು, ಅದು ಜಗಲಿಯಿಂದ ಕೆಳಗೆ ಬಿತ್ತು. ನನ್ನ ಮೇಲೆ ಪಾಲು ತಿಂದ ಮಾತು ಮಾತ್ರ ಅವಳು ಆಡಲಿಲ್ಲ. ಅದನ್ನು ನಾನು ಮರೆತಿಲ್ಲ. ಕೆಳಗೆ ಬಿದ್ದ ಬೀಗದ ಕೈ ಎತ್ತಿ ತಂದು ಕೊಟ್ಟವಳು ಹೂವಾಡಗಿತ್ತಿ.

ಬ್ಯಾಂಕಿಗೋ ಪೊಲೀಸಿಗೋ ದೂರು ಕೊಡಬೇಕೆಂದು ಒಂದಿಬ್ಬರು ಅಂದರು. ಬೇಡ, ಕಂತಿನಲ್ಲಿ ತೀರಿಸಲಿ ಎಂದು ಹೆಚ್ಚಿನವರು ಒಪ್ಪಿದರು. ತಿಂಗಳಿಗೆ ಸಾವಿರದ ನೂರೈವತ್ತರಂತೆ ಎಂಟು ತಿಂಗಳಲ್ಲಿ ಅಕ್ಕ ಪೂರ್ತಿ ತೀರಿಸಿದಳು. ಒಂದು ಕಂತೂ ತಪ್ಪಲಿಲ್ಲ. ಹಣವನ್ನು ಮಗನ ಕೈಯಲ್ಲಿ ಕಳಿಸುತ್ತಿದ್ದಳು. ಸಂಘಕ್ಕೆ ಆಮೇಲೆ ಕಾಲಿಡಲಿಲ್ಲ. ಎದ್ದುಹೋದ ಇಬ್ಬರೂ ಬರಲಿಲ್ಲ. ಹದಿನೇಳು ಇದ್ದದ್ದು ಹದಿನಾಲ್ಕಾಯಿತು.

ನಿಮಗೆ ಸುಳ್ಳು ಹೇಳಲಾರೆ, ನಷ್ಟ ನನಗೂ ಆಯಿತು. ಒಂದು ವರ್ಷಕ್ಕೂ ಮೇಲೆ ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಬಾವಿಯ ಹತ್ತಿರ ನಾನು ಹೋದರೆ ಅವಳು ಒಳಗೆ ಹೋಗುತ್ತಿದ್ದಳು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗ ಬಾಗಿಲು ತೆಗೆಯಲಿಲ್ಲ. ಮೊರವನ್ನು ಕಟ್ಟೆಯ ಮೇಲಿಟ್ಟು ಬಂದೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ, ಒಳಗೆ ತೆಗೆದುಕೊಂಡಿದ್ದಳು. ಈಗ ಅಷ್ಟಿಷ್ಟು ಮಾತಿದೆ. ಮೊನ್ನೆ ಮಾವಿನಕಾಯಿ ಉಪ್ಪಿನಕಾಯಿ ಹಾಕುವಾಗ ಗೋಡೆಯಾಚೆಯಿಂದ, ‘ಸಾಸಿವೆ ಹುರಿದ್ಯೋ ಹಸಿದೇ ಹಾಕ್ತೀಯೋ?’ ಎಂದು ಕೇಳಿದಳು. ‘ಹುರಿದೆ ಅಕ್ಕ’ ಎಂದೆ. ಮೊದಲಿನ ಹಾಗೆ ಅವಳ ಹೆಗಲ ಮೇಲೆ ತಲೆಯಿಟ್ಟು ಅಳುವ ದಿನ ಬರುತ್ತದೋ ಇಲ್ಲವೋ. ಅವಳ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಊರಿಗೆ ಬಂದಾಗ ನನ್ನ ಮನೆಗೂ ಬಂದು ಅತ್ತೆಯ ಬಿಪಿ ನೋಡಿ ಹೋಗುತ್ತಾಳೆ. ನಾವು ಯಾರೂ ಆ ವಿಷಯ ಎತ್ತುವುದಿಲ್ಲ.

ನಾನೇ ಅಧ್ಯಕ್ಷೆ ಸ್ಥಾನ ಬಿಡುತ್ತೇನೆ ಎಂದು ಸಭೆಯಲ್ಲಿ ಹೇಳಿದ್ದೆ, ಸುಳ್ಳು ಸಹಿ ಹಾಕಿದವಳಲ್ಲವೇ. ಅವರು ಬಿಡಲಿಲ್ಲ. ಆದರೆ ಒಂದು ನಿಯಮ ಮಾಡಿದರು. ಇನ್ನು ಮುಂದೆ ಪ್ರತಿ ಗುರುವಾರ ಕೈಪುಸ್ತಕ ಮತ್ತು ಲೆಡ್ಜರು ಎರಡನ್ನೂ ಅಕ್ಕಪಕ್ಕ ಇಟ್ಟು ಎಲ್ಲರೆದುರು ಓದಬೇಕು. ಅದಕ್ಕಿಂತ ಮುಂದೆ ಹೋದವಳು ನಮ್ಮ ಹೂವಾಡಗಿತ್ತಿ. ‘ಇನ್ನೊಬ್ರು ಓದಿ ಹೇಳೋದ್ಯಾಕೆ, ನಂಗೇ ಅಂಕಿ ಕಲಿಸ್ರಿ’ ಎಂದು ನನ್ನ ಮಗಳ ಹತ್ತಿರ ಕೂತಳು. ಮೊಳ ಹಾಕಿ ಲೆಕ್ಕ ಹಿಡಿಯುವವಳಿಗೆ ಅಂಕಿ ಕಷ್ಟವೇ? ಎರಡು ತಿಂಗಳಲ್ಲಿ ಸಾವಿರದವರೆಗೆ ಓದಿದಳು. ಕೂಡುವುದೂ ಬಂತು.

ಕಳೆದ ಗುರುವಾರ ಲೆಡ್ಜರಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಪುಟದ ಮೇಲಿಂದ ಕೆಳಗಿನವರೆಗೆ ಬಂದಳು. ನಿಂತಳು. ಮತ್ತೆ ಮೇಲಿಂದ ಕೂಡಿಸಿದಳು. ಆಮೇಲೆ ಹದಿನಾಲ್ಕು ಜನರ ಎದುರು ಗಟ್ಟಿಯಾಗಿ, ‘ಅಮ್ಮಾ, ಐವತ್ತು ರೂಪಾಯಿ ಕಮ್ಮಿ ಬರ್ದಿದ್ದೀರಿ’ ಎಂದಳು. ಕೂಡಿಸಿ ನೋಡಿದೆ. ಹೌದು, ತಪ್ಪಿದ್ದೆ. ಕಿವಿಯವರೆಗೂ ಕೆಂಪಾಗಿ, ಹೊಡೆದು ಹಾಕಿ, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ ಹಾಕಿದೆ. ಅವಳು ಬಾಗಿ ನೋಡಿ, ‘ಈಗ ಸರಿ ಐತೆ’ ಎಂದು ಹೂವಿನ ಬುಟ್ಟಿ ಎತ್ತಿಕೊಂಡು ಹೊರಟಳು.